ಸಂಕಲನದ ಮೇಜಿನಿಂದ: ಹೃಷಿಕೇಶ್ ಮುಖರ್ಜಿಯವರ ಸತ್ಯವೂ ಸುಳ್ಳೂ

(ಹಾಸನದಲ್ಲಿ ಚಿತ್ರಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭಿಕರೆ,

ಹೃಷಿಕೇಶ್ ಮುಖರ್ಜಿಯವರ ಹೆಸರು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಒಂದು ಮನೆ, ಆ ಮನೆಯ ಸಿಡುಕಿನ ಹಿರಿಯರು, ಅವರ ಕಣ್ಣು ತಪ್ಪಿಸಿ ಏನೋ ಹೂಡುತ್ತಿರುವ ಕಿರಿಯರು, ನಡುವೆ ಒಂದೆರಡು ಇಂಪಾದ ಹಾಡು, ಕಡೆಗೆ ಎಲ್ಲರೂ ಒಟ್ಟಿಗೆ ನಗುವ ಒಂದು ದೃಶ್ಯ. ಪತ್ರಿಕೆಗಳು ಅವರಿಗೆ ಮಧ್ಯಮ ಮಾರ್ಗದ ನಿರ್ದೇಶಕರೆಂಬ ಬಿರುದನ್ನು ಕೊಟ್ಟು ಬಹಳ ಕಾಲವಾಯಿತು. ಒಂದು ಕಡೆ ಅಬ್ಬರದ ವ್ಯಾಪಾರಿ ಚಿತ್ರಗಳು, ಇನ್ನೊಂದು ಕಡೆ ಕಲಾತ್ಮಕ ಚಿತ್ರಗಳು, ನಡುವೆ ಇವರು ಎಂಬ ಈ ವಿಂಗಡಣೆ ಅವರು ಎಲ್ಲಿ ನಿಂತಿದ್ದರೆಂಬುದನ್ನು ಸರಿಯಾಗಿಯೇ ಗುರುತಿಸುತ್ತದೆ. ಅವರು ಹೇಗೆ ಕೆಲಸ ಮಾಡುತ್ತಿದ್ದರು, ಯಾವುದನ್ನು ಚಿತ್ರದೊಳಗೆ ಬಿಟ್ಟುಕೊಳ್ಳುತ್ತಿದ್ದರು, ಯಾವುದನ್ನು ಬಾಗಿಲಲ್ಲೇ ತಡೆಯುತ್ತಿದ್ದರು ಎಂಬ ಪ್ರಶ್ನೆಗಳಿಗೆ ಮಾತ್ರ ಅದರಲ್ಲಿ ಉತ್ತರ ಸಿಗುವುದಿಲ್ಲ. ಈ ಸಂಜೆ ನಾನು ಮಂಡಿಸಬೇಕೆಂದಿರುವ ವಿಚಾರ ಸರಳವಾದದ್ದು. ಮುಖರ್ಜಿಯವರು ನಿರ್ದೇಶಕರಾಗಿ ಹೆಸರು ಮಾಡಿದ ಮೇಲೂ ಒಳಗೊಳಗೆ ಸಂಕಲನಕಾರರಾಗಿಯೇ, ಅಂದರೆ ತೆಗೆದ ಫಿಲ್ಮನ್ನು ಕತ್ತರಿಸಿ ಜೋಡಿಸುವವರಾಗಿಯೇ, ಉಳಿದರು. ಸತ್ಯಕ್ಕಾಗಿ ಬದುಕನ್ನೇ ತೆತ್ತ ಒಬ್ಬನ ಕಥೆಯನ್ನು 1969ರಲ್ಲಿ ತೆರೆಗೆ ತಂದ ಅದೇ ವ್ಯಕ್ತಿ ಮುಂದಿನ ಒಂದೂವರೆ ದಶಕದಲ್ಲಿ ಮತ್ತೆ ಮತ್ತೆ ಸುಳ್ಳು ಹೇಳುವವರ ಕಥೆಗಳನ್ನೇ ಆರಿಸಿಕೊಂಡದ್ದು ಏಕೆಂಬುದಕ್ಕೂ ಆ ಕತ್ತರಿಯ ಅಭ್ಯಾಸದಲ್ಲಿಯೇ ಸುಳಿವಿದೆ.

ಮುಖರ್ಜಿಯವರು ಹುಟ್ಟಿದ್ದು 1922ರ ಸೆಪ್ಟೆಂಬರ್ 30ರಂದು, ಕಲ್ಕತ್ತೆಯಲ್ಲಿ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಪದವಿ ಪಡೆದು, ಕೆಲಕಾಲ ಗಣಿತ ಮತ್ತು ವಿಜ್ಞಾನದ ಮೇಷ್ಟರಾಗಿದ್ದರು. ಅನಂತರ ಬಿ.ಎನ್. ಸರ್ಕಾರ್ ಅವರ ನ್ಯೂ ಥಿಯೇಟರ್ಸ್ ಸಂಸ್ಥೆಯನ್ನು ಸೇರಿ, ಮೊದಲು ಕ್ಯಾಮೆರಾ ವಿಭಾಗದಲ್ಲಿಯೂ ಬಳಿಕ ಸಂಕಲನ ವಿಭಾಗದಲ್ಲಿಯೂ ದುಡಿದರು. ಅಲ್ಲಿ ಅವರಿಗೆ ಕೆಲಸ ಕಲಿಸಿದವರು ಆ ಕಾಲದ ಹೆಸರಾಂತ ಸಂಕಲನಕಾರ ಸುಬೋಧ್ ಮಿತ್ರ. ನಲವತ್ತರ ದಶಕದ ಕೊನೆಗೆ ಬಂಗಾಳಿ ಚಿತ್ರೋದ್ಯಮ ಸೊರಗಿತ್ತು. ದೇಶವಿಭಜನೆಯಿಂದ ಪೂರ್ವ ಬಂಗಾಳದ ಪ್ರೇಕ್ಷಕರು ಕೈತಪ್ಪಿದ್ದರು. ಐವತ್ತರ ದಶಕದ ಆರಂಭದಲ್ಲಿ ನಿರ್ದೇಶಕ ಬಿಮಲ್ ರಾಯ್ ತಮ್ಮ ಒಂದು ಸಣ್ಣ ತಂಡವನ್ನು ಕಟ್ಟಿಕೊಂಡು ಮುಂಬಯಿಗೆ ಹೊರಟಾಗ ಆ ತಂಡದಲ್ಲಿ ಕಥೆಗಾರ ನಬೇಂದು ಘೋಷ್, ನಟ ಮತ್ತು ಸಹಾಯಕ ಅಸಿತ್ ಸೇನ್ ಮೊದಲಾದವರ ಜೊತೆ ಮುಖರ್ಜಿಯವರೂ ಇದ್ದರು. 1953ರ ‘ದೋ ಬೀಘಾ ಜಮೀನ್’ ಚಿತ್ರವನ್ನು ಸಂಕಲಿಸಿದವರು ಅವರು. ಅದರ ಚಿತ್ರಕಥೆಯಲ್ಲಿಯೂ ಅವರ ಕೈಯಿದೆ. 1958ರ ‘ಮಧುಮತಿ’ಯ ಸಂಕಲನಕ್ಕೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದಿತು. ಮಲಯಾಳಂನ ರಾಮು ಕಾರಿಯಾಟ್ 1965ರಲ್ಲಿ ‘ಚೆಮ್ಮೀನ್’ ತೆಗೆದಾಗ, ಅಷ್ಟು ಹೊತ್ತಿಗಾಗಲೇ ನಿರ್ದೇಶಕರಾಗಿ ಹತ್ತಿರ ಹತ್ತಿರ ಒಂದು ದಶಕ ಕಳೆದಿದ್ದ ಮುಖರ್ಜಿಯವರು ಅದರ ಸಂಕಲನದ ಕೆಲಸವನ್ನೂ ಹೊತ್ತುಕೊಂಡರು.

ಇಲ್ಲಿ ಸಂಕಲನವೆಂದರೆ ಏನೆಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಈಗ ಫೋನಿನ ಮೇಲೆ ಬೆರಳಾಡಿಸಿ ದೃಶ್ಯಗಳನ್ನು ತುಂಡರಿಸುವ ಯುವಕರಿಗೆ ಆ ಕಾಲದ ಶ್ರಮ ಊಹೆಗೆ ನಿಲುಕುವುದು ಕಷ್ಟ. 35 ಮಿಲಿಮೀಟರಿನ ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ, ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರವೆಂದರೆ ಹದಿಮೂರೂವರೆ ಸಾವಿರ ಅಡಿ. ಅದನ್ನು ಪಡೆಯಲು ಅದರ ಹಲವು ಪಟ್ಟು ಫಿಲ್ಮು ತೆಗೆದಿರುತ್ತಾರೆ. ಸಂಕಲನಕಾರನು ಅದನ್ನೆಲ್ಲ ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ ನೋಡಿ, ಬೇಕಾದಲ್ಲಿ ಕತ್ತರಿಸಿ, ತುದಿಯನ್ನು ಹೆರೆದು, ಅಂಟು ಹಚ್ಚಿ ಜೋಡಿಸಬೇಕಾಗಿತ್ತು. ಕಚ್ಚಾ ಫಿಲ್ಮು ಆಮದಿನ ಸರಕಾಗಿದ್ದ, ಪರವಾನಗಿಯ ಮೇಲೆ ಸಿಗುತ್ತಿದ್ದ ದಿನಗಳಲ್ಲಿ, ವ್ಯರ್ಥವಾದ ಪ್ರತಿ ಅಡಿಯೂ ನಿರ್ಮಾಪಕನ ಕಿಸೆಯಿಂದ ಬಿದ್ದ ಹಣವೇ. ಹೀಗೆ ಹತ್ತಾರು ವರ್ಷ ಇತರರು ತೆಗೆದದ್ದನ್ನು ಕತ್ತರಿಸಿ ಕತ್ತರಿಸಿ, ಯಾವ ತುಣುಕು ಕಡೆಗೆ ಬುಟ್ಟಿಗೆ ಬೀಳುತ್ತದೆಂದು ಮೊದಲೇ ಬಲ್ಲವನಾದವನು ತಾನೇ ನಿರ್ದೇಶಕನಾದರೆ ಅಂಥ ತುಣುಕನ್ನು ತೆಗೆಯುವ ಗೋಜಿಗೇ ಹೋಗುವುದಿಲ್ಲ. ಮುಖರ್ಜಿಯವರ ಚಿತ್ರೀಕರಣ ಬೇಗ ಮುಗಿಯುತ್ತಿತ್ತು, ಖರ್ಚು ಕಡಿಮೆಯಾಗುತ್ತಿತ್ತು, ದೊಡ್ಡ ನಟರು ಸಂಭಾವನೆಯನ್ನು ತಗ್ಗಿಸಿಕೊಂಡಾದರೂ ಅವರಲ್ಲಿಗೆ ಬರುತ್ತಿದ್ದರು ಎಂಬುದನ್ನೆಲ್ಲ ಅವರ ಸರಳ ಸ್ವಭಾವದ ಲೆಕ್ಕಕ್ಕೆ ಬರೆಯುವುದು ವಾಡಿಕೆ. ನನಗೆ ಅದರಲ್ಲಿ ಸ್ವಭಾವಕ್ಕಿಂತ ಕಸುಬೇ ಹೆಚ್ಚಾಗಿ ಕಾಣುತ್ತದೆ. ನಮ್ಮ ಪಕ್ಕದ ಬೇಲೂರಿನಲ್ಲಿ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೆತ್ತಿ ಹೋಗಿದ್ದಾರೆ. ಸಂಕಲನಕಾರನಿಗೆ ಹಾಗೆ ಹೆಸರು ಕೆತ್ತಲು ಜಾಗವಿಲ್ಲ. ಅವನ ಕೆಲಸ ಎಲ್ಲಿಯೂ ಎದ್ದು ಕಾಣದಿದ್ದರೆ ಮಾತ್ರ ಅದು ಒಳ್ಳೆಯ ಕೆಲಸ. ಈ ಅಡಗಿಕೊಳ್ಳುವ ಗುಣವೇ ಮುಂದೆ ನಿರ್ದೇಶಕ ಮುಖರ್ಜಿಯವರ ಶೈಲಿಯೂ ಆಯಿತು.

ಅವರು ನಿರ್ದೇಶಿಸಿದ ಮೊದಲ ಚಿತ್ರ 1957ರ ‘ಮುಸಾಫಿರ್’. ದಿಲೀಪ್ ಕುಮಾರ್ ಅವರ ಒತ್ತಾಸೆ ಇದರ ಹಿಂದೆ ಇತ್ತು. ಚಿತ್ರಕಥೆಯಲ್ಲಿ ಋತ್ವಿಕ್ ಘಟಕ್ ಅವರ ಪಾಲಿತ್ತು. ಒಂದೇ ಬಾಡಿಗೆ ಮನೆಗೆ ಒಂದಾದ ಮೇಲೊಂದರಂತೆ ಮೂರು ಸಂಸಾರಗಳು ಬರುತ್ತವೆ. ಮದುವೆ, ಹುಟ್ಟು, ಸಾವು ಮೂರೂ ಆ ಗೋಡೆಗಳ ನಡುವೆಯೇ ನಡೆದುಹೋಗುತ್ತವೆ. ಸಲಿಲ್ ಚೌಧರಿಯವರ ಸಂಗೀತದಲ್ಲಿ ದಿಲೀಪ್ ಕುಮಾರ್ ಲತಾ ಮಂಗೇಶ್ಕರ್ ಅವರೊಂದಿಗೆ ಒಂದು ಹಾಡನ್ನೂ ಹಾಡಿದ್ದಾರೆ. ಚಿತ್ರ ಹಣ ತರಲಿಲ್ಲ. ಆದರೆ ಮನೆಯೇ ಮುಖ್ಯಪಾತ್ರವಾಗಬಲ್ಲದೆಂಬ ಕಲ್ಪನೆ ಇಲ್ಲಿಯೇ ಮೊಳೆತಿತು. ಅದಾದ ಎರಡು ವರ್ಷಕ್ಕೆ ರಾಜ್ ಕಪೂರ್, ನೂತನ್, ಲಲಿತಾ ಪವಾರ್ ನಟಿಸಿದ ‘ಅನಾಡಿ’ ಬಂದು ಭರ್ಜರಿಯಾಗಿ ಗೆದ್ದಿತು. 1960ರ ‘ಅನುರಾಧಾ’ಕ್ಕೆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ದೊರೆಯಿತು.

‘ಅನುರಾಧಾ’ದ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ತಕರಾರೂ ಇದೆ. ಹೆಸರುವಾಸಿ ಗಾಯಕಿಯೊಬ್ಬಳು ಆದರ್ಶವಾದಿ ವೈದ್ಯನನ್ನು ಮದುವೆಯಾಗಿ ಹಳ್ಳಿಗೆ ಬರುತ್ತಾಳೆ, ಹಾಡು ಬಿಡುತ್ತಾಳೆ. ಗಂಡ ರೋಗಿಗಳ ನಡುವೆ ಮುಳುಗಿ ಹೆಂಡತಿಯನ್ನು ಮರೆಯುತ್ತಾನೆ. ಬಲರಾಜ್ ಸಾಹ್ನಿ ಮತ್ತು ಲೀಲಾ ನಾಯ್ಡು ಅವರ ಅಭಿನಯ, ಪಂಡಿತ್ ರವಿಶಂಕರ್ ಅವರ ಸಂಗೀತ ಎರಡೂ ಒಂದಕ್ಕೊಂದು ಮಿಗಿಲು. ಗಂಡ ಕೆಟ್ಟವನಲ್ಲದಿರುವುದೇ ಆ ಕಥೆಯ ಬಿಗಿ. ಅವನ ಸೇವೆಯ ನಿಷ್ಠೆಯೇ ಅವಳ ಒಂಟಿತನಕ್ಕೆ ಕಾರಣ. ಆದರೆ ಇಷ್ಟು ನೇರವಾಗಿ ಎತ್ತಿದ ಪ್ರಶ್ನೆಯನ್ನು ಕೊನೆಯಲ್ಲಿ ಹೆಂಡತಿಯ ತ್ಯಾಗವನ್ನು ಹೊಗಳಿ ಮುಗಿಸಿದ್ದಾರೆ. ಹದಿಮೂರು ವರ್ಷಗಳ ನಂತರ ‘ಅಭಿಮಾನ್’ ಚಿತ್ರದಲ್ಲಿ ಅವರು ಅದೇ ವಿಷಯಕ್ಕೆ ಹಿಂದಿರುಗಿದರು: ಗಂಡ ಹೆಂಡಿರಿಬ್ಬರೂ ಗಾಯಕರು, ಹೆಂಡತಿಗೆ ಹೆಚ್ಚು ಕೀರ್ತಿ, ಗಂಡನಿಗೆ ಹೊಟ್ಟೆಕಿಚ್ಚು. ಎಸ್.ಡಿ. ಬರ್ಮನ್ ಅವರ ಸ್ವರಗಳಿಗೆ ಅಮಿತಾಭ್ ಮತ್ತು ಜಯಾ ಅವರ ಮೌನ ಎಷ್ಟು ಚೆನ್ನಾಗಿ ಹೊಂದಿದೆಯೆಂದರೆ, ಆ ಚಿತ್ರದ ಮೊದಲ ಮುಕ್ಕಾಲು ಭಾಗದಷ್ಟು ನಿಷ್ಠುರವಾಗಿ ಗಂಡಸಿನ ಅಹಂಕಾರವನ್ನು ತೋರಿಸಿದ ಜನಪ್ರಿಯ ಹಿಂದಿ ಚಿತ್ರ ಆ ದಶಕದಲ್ಲಿ ಇನ್ನೊಂದಿಲ್ಲವೆಂದು ಹೇಳಲು ನಾನು ಹಿಂಜರಿಯುವುದಿಲ್ಲ. ಕಡೆಯ ಕಾಲು ಭಾಗದಲ್ಲಿ ಮತ್ತೆ ಅದೇ ರಾಜಿ. ಮನೆಯನ್ನು ಒಡೆಯಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ, ಒಡೆಯಲೇಬೇಕಾದಾಗಲೂ.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. 1969ರಲ್ಲಿ ತೆರೆಕಂಡ ‘ಸತ್ಯಕಾಮ್’ ನಾರಾಯಣ್ ಸಾನ್ಯಾಲ್ ಅವರ ಬಂಗಾಳಿ ಕಾದಂಬರಿಯನ್ನು ಆಧರಿಸಿದ್ದು. ಸಂಭಾಷಣೆ ಉರ್ದು ಕಥೆಗಾರ ರಾಜಿಂದರ್ ಸಿಂಗ್ ಬೇಡಿಯವರದು. ಸ್ವಾತಂತ್ರ್ಯ ಇನ್ನೇನು ಬರುವುದರಲ್ಲಿದೆ ಎಂಬ ಹೊತ್ತಿನಲ್ಲಿ ಎಂಜಿನಿಯರಿಂಗ್ ಓದು ಮುಗಿಸಿದ ಸತ್ಯಪ್ರಿಯ ಆಚಾರ್ಯನೆಂಬ ತರುಣ, ಹೊಸ ದೇಶದಲ್ಲಿ ಸುಳ್ಳಿಗೆ ಜಾಗವಿರುವುದಿಲ್ಲವೆಂದು ನಂಬಿ ಕೆಲಸಕ್ಕೆ ಸೇರುತ್ತಾನೆ. ಆ ಪಾತ್ರ ಮಾಡಿದವರು ಧರ್ಮೇಂದ್ರ. ಅವರ ದೇಹದಾರ್ಢ್ಯವನ್ನಷ್ಟೇ ಕಂಡವರು ಈ ಒಂದು ಚಿತ್ರವನ್ನು ನೋಡಲೇಬೇಕು. ಲಂಚ ಮುಟ್ಟದ, ಸುಳ್ಳು ಲೆಕ್ಕಕ್ಕೆ ಸಹಿ ಹಾಕದ ಸತ್ಯಪ್ರಿಯ ಒಂದು ಕೆಲಸದಿಂದ ಇನ್ನೊಂದಕ್ಕೆ, ಒಂದು ಊರಿನಿಂದ ಇನ್ನೊಂದಕ್ಕೆ ಅಲೆಯುತ್ತಾನೆ. ಅವನ ಗೆಳೆಯ ನರೇನ್, ಅಂದರೆ ಸಂಜೀವ್ ಕುಮಾರ್, ಸಣ್ಣಪುಟ್ಟ ರಾಜಿಗಳನ್ನು ಮಾಡಿಕೊಂಡು ಮೇಲೇರುತ್ತಾ ಹೋಗುತ್ತಾನೆ. ಕಥೆಯನ್ನು ನಮಗೆ ಹೇಳುವವನು ಈ ನರೇನನೇ. ರಾಜಿ ಮಾಡಿಕೊಂಡವನ ಬಾಯಿಂದ ರಾಜಿಯಾಗದವನ ಕಥೆಯನ್ನು ಕೇಳಿಸುವುದು ಎಷ್ಟು ಜಾಣತನದ ಏರ್ಪಾಡೆಂಬುದನ್ನು ಗಮನಿಸಬೇಕು. ಪ್ರೇಕ್ಷಕರಾದ ನಾವೆಲ್ಲ ಹೇಗಿದ್ದರೂ ನರೇನನ ಪಂಕ್ತಿಯಲ್ಲಿ ಕುಳಿತವರು.

ಗೋವಿನ ಹಾಡನ್ನು ಬಾಯಿಪಾಠ ಮಾಡಿ ಬೆಳೆದ ಕನ್ನಡಿಗರಿಗೆ ಸತ್ಯನಿಷ್ಠೆಯ ಕಥೆ ಹೇಗೆ ಮುಗಿಯಬೇಕೆಂದು ಚೆನ್ನಾಗಿ ಗೊತ್ತು. ಪುಣ್ಯಕೋಟಿ ಕೊಟ್ಟ ಮಾತಿನಂತೆ ಹಿಂದಿರುಗಿ ಬಂದಾಗ ಹುಲಿಯ ಮನಸ್ಸು ಕರಗುತ್ತದೆ, ಹುಲಿ ತಾನೇ ಪ್ರಾಣ ಬಿಡುತ್ತದೆ. ಹರಿಶ್ಚಂದ್ರ ಸುಡುಗಾಡು ಕಾದರೂ ಕತ್ತಿ ಎತ್ತಿದ ಗಳಿಗೆಯಲ್ಲಿ ಶಿವ ಬಂದೇ ಬರುತ್ತಾನೆ. ಸತ್ಯಪ್ರಿಯನ ಎದುರಿಗಿರುವ ಹುಲಿಗೆ ಅಂಥ ಮನಸ್ಸಿಲ್ಲ. ಅದು ಗುತ್ತಿಗೆದಾರನ ರೂಪದಲ್ಲಿ, ಮೇಲಧಿಕಾರಿಯ ರೂಪದಲ್ಲಿ, ಒಮ್ಮೊಮ್ಮೆ ಹಿತ ಬಯಸುವ ಸ್ನೇಹಿತನ ರೂಪದಲ್ಲಿ ಬರುತ್ತದೆ, ಮತ್ತು ತಾಳ್ಮೆಯಿಂದ ಕಾಯುತ್ತದೆ. ಕ್ಯಾನ್ಸರ್ ತಗುಲಿ ಮಾತೂ ನಿಂತುಹೋದ ಸ್ಥಿತಿಯಲ್ಲಿ, ತಾನು ಹೋದ ಮೇಲೆ ಹೆಂಡತಿಗೆ ಗತಿಯೇನೆಂದು ಯೋಚಿಸಿ, ಅವನು ಜೀವನದಲ್ಲಿ ಮೊದಲ ಸಲ ಒಂದು ಕಳಪೆ ಕಾಮಗಾರಿಯ ಕಾಗದಕ್ಕೆ ಸಹಿ ಹಾಕಿ ಅವಳ ಕೈಗೆ ಕೊಡುತ್ತಾನೆ. ಇಷ್ಟು ವರ್ಷ ಅವನ ಸತ್ಯಕ್ಕೆ ಬೆಲೆ ತೆತ್ತ ಆ ಹೆಂಡತಿಯೇ ಅದನ್ನು ಹರಿದುಹಾಕುತ್ತಾಳೆ.

ಈ ಹೆಂಡತಿ ರಂಜನಾಳನ್ನು, ಅಂದರೆ ಶರ್ಮಿಳಾ ಠಾಗೋರ್ ಅವರ ಪಾತ್ರವನ್ನು, ಬಿಟ್ಟರೆ ಚಿತ್ರ ಅರ್ಥವಾಗುವುದಿಲ್ಲ. ಆಸರೆ ಬೇಡಿ ಬಂದ ಅವಳನ್ನು ಕೈಹಿಡಿಯಲು ಸತ್ಯಪ್ರಿಯ ಒಮ್ಮೆ ಹಿಂಜರಿಯುತ್ತಾನೆ; ಆ ಹಿಂಜರಿಕೆಯ ಫಲವಾಗಿ ಅವಳು ಸಂಸ್ಥಾನದ ರಾಜಕುಮಾರನೊಬ್ಬನ ಬಲಾತ್ಕಾರಕ್ಕೆ ಈಡಾಗುತ್ತಾಳೆ. ಅವನು ಅವಳನ್ನು ಮದುವೆಯಾಗುತ್ತಾನೆ, ಹುಟ್ಟಿದ ಮಗುವಿಗೆ ತಂದೆಯಾಗುತ್ತಾನೆ, ಆದರೂ ಮನಸ್ಸಿನ ಒಂದು ಮೂಲೆಯಲ್ಲಿ ಅವಳನ್ನು ಪೂರ್ತಿಯಾಗಿ ಸ್ವೀಕರಿಸಲಾರ. ಸತ್ಯವಂತನ ಒಳಗೂ ಒಂದು ಸುಳ್ಳಿದೆ ಎಂಬುದನ್ನು ನಿರ್ದೇಶಕರು ಮುಚ್ಚಿಡುವುದಿಲ್ಲ. ಅಶೋಕ್ ಕುಮಾರ್ ಅಭಿನಯಿಸಿದ ಅಜ್ಜ, ಉಪನಿಷತ್ತು ಓದಿದ ಮಹಾ ಆಚಾರವಂತ, ಈ ಮದುವೆಯನ್ನೂ ಮಗುವನ್ನೂ ಒಪ್ಪದೆ ದೂರ ನಿಂತಿದ್ದಾನೆ. ಸತ್ಯಪ್ರಿಯನ ಸಾವಿನ ನಂತರ, ತಾನು ಏಕೆ ಅಂತ್ಯಕ್ರಿಯೆ ಮಾಡುವಂತಿಲ್ಲವೆಂಬ ನಿಜವನ್ನು ಆ ಪುಟ್ಟ ಹುಡುಗ ಎಲ್ಲರೆದುರು ಅಳುಕಿಲ್ಲದೆ ಹೇಳಿಬಿಡುತ್ತಾನೆ. ತಾಯಿ ತನಗೆ ಏನನ್ನೂ ಬಚ್ಚಿಟ್ಟಿಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ತಂದೆ ಯಾರೆಂದು ತಿಳಿಯದೆಂಬ ಸತ್ಯವನ್ನೇ ಗುರುವಿನ ಮುಂದಿಟ್ಟ ಜಬಾಲೆಯ ಮಗ ಸತ್ಯಕಾಮನ ಕಥೆಯಿದೆಯಲ್ಲ, ಅದನ್ನು ಜೀವನವಿಡೀ ಪಠಿಸಿದ ಅಜ್ಜನಿಗೆ ಅದರ ಅರ್ಥವನ್ನು ಕಲಿಸಲು ಒಂದು ಮಗು ಬರಬೇಕಾಯಿತು. ಆ ಹುಡುಗನ ಪಾತ್ರ ಮಾಡಿದವಳು ಬಾಲನಟಿ ಸಾರಿಕಾ.

ಮುಖರ್ಜಿಯವರು ತಮ್ಮ ಚಿತ್ರಗಳಲ್ಲಿ ಇದನ್ನೇ ಅತ್ಯಂತ ಹೆಚ್ಚಾಗಿ ಪ್ರೀತಿಸಿದರು. ಅದಕ್ಕೆ ಅತ್ಯುತ್ತಮ ಹಿಂದಿ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂದಿತು. ಆದರೆ ಪ್ರೇಕ್ಷಕರು ಬರಲಿಲ್ಲ.

ಇದಾದ ಎರಡು ವರ್ಷಕ್ಕೆ ಬಂದ ‘ಆನಂದ್’ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಈ ಸಭೆಯಲ್ಲಿ ಅದರ ಮಾತುಗಳನ್ನು ನನಗಿಂತ ಚೆನ್ನಾಗಿ ಒಪ್ಪಿಸಬಲ್ಲವರಿದ್ದಾರೆ. ಸಂಕಲನದ ದೃಷ್ಟಿಯಿಂದ ಎರಡು ಸಂಗತಿಗಳನ್ನು ಮಾತ್ರ ಸೂಚಿಸುತ್ತೇನೆ. ನಾಯಕ ಸತ್ತಿದ್ದಾನೆಂಬುದನ್ನು ಚಿತ್ರ ಆರಂಭದಲ್ಲಿಯೇ ಹೇಳಿಬಿಡುತ್ತದೆ. ವೈದ್ಯ ಭಾಸ್ಕರ್ ಬ್ಯಾನರ್ಜಿ ಬರೆದ ಪುಸ್ತಕಕ್ಕೆ ಬಹುಮಾನ ಬಂದಿರುತ್ತದೆ, ಆ ಪುಸ್ತಕ ತೀರಿಕೊಂಡ ಆನಂದನನ್ನು ಕುರಿತದ್ದು. ಹೀಗೆ ಏನಾಗುವುದೋ ಎಂಬ ಕುತೂಹಲವನ್ನು ಮೊದಲ ರೀಲಿನಲ್ಲೇ ಕತ್ತರಿಸಿ ಎಸೆದ ಮೇಲೆ, ಪ್ರೇಕ್ಷಕನ ಗಮನವೆಲ್ಲ ಆ ಮನುಷ್ಯ ಹೇಗೆ ಬದುಕಿದನೆಂಬುದರ ಮೇಲೆ ನೆಡುತ್ತದೆ. ಎರಡನೆಯದು ಕೊನೆಯ ಟೇಪ್ ರೆಕಾರ್ಡರಿನ ದೃಶ್ಯ. ಆನಂದ್ ಕಣ್ಮುಚ್ಚಿದ್ದಾನೆ, ತಡವಾಗಿ ಬಂದ ಭಾಸ್ಕರ್ ಮಾತಾಡು ಎಂದು ಗೋಗರೆಯುತ್ತಾನೆ, ಟೇಪು ಸದ್ದಿಲ್ಲದೆ ಸುತ್ತುತ್ತಲೇ ಇದೆ, ಆಮೇಲೆ ಸತ್ತವನ ದನಿ ಕೇಳುತ್ತದೆ. ಆ ನಡುವಿನ ಖಾಲಿ ಟೇಪಿನ ಅಳತೆ ಎಷ್ಟಿರಬೇಕೆಂಬುದನ್ನು ಯಾವ ಕಥೆಗಾರನೂ ಬರೆದು ಕೊಡಲಾರ. ಅದು ಮೇಜಿನ ಮೇಲೆ ಫಿಲ್ಮು ಹಿಡಿದವನಿಗೆ ಮಾತ್ರ ತಿಳಿಯುವ ಸಂಗತಿ. ಆ ವರ್ಷದ ಸಂಕಲನದ ಫಿಲ್ಮ್‌ಫೇರ್ ಪ್ರಶಸ್ತಿ ಅವರಿಗೇ ಸಂದಿತು. ಚಿತ್ರವನ್ನು ಅವರು ರಾಜ್ ಕಪೂರ್ ಅವರಿಗೂ ಮುಂಬಯಿ ನಗರಕ್ಕೂ ಅರ್ಪಿಸಿದ್ದಾರೆ.

ಅದೇ 1971ರಲ್ಲಿ ‘ಗುಡ್ಡಿ’ ಬಂದಿತು. ಸಿನಿಮಾ ನಟನನ್ನು ದೇವರೆಂದು ನಂಬಿದ ಶಾಲಾ ಹುಡುಗಿಗೆ ಸಿನಿಮಾದ ಹಿಂದಿನ ನಿಜವನ್ನು ತೋರಿಸುವ ಚಿತ್ರವದು. ಧರ್ಮೇಂದ್ರ ಧರ್ಮೇಂದ್ರರಾಗಿಯೇ ನಟಿಸಿದ್ದಾರೆ. ನಕಲಿ ಮಳೆ, ಸಾಹಸದ ದೃಶ್ಯದಲ್ಲಿ ನಾಯಕನ ಬದಲಿಗೆ ಏಟು ತಿನ್ನುವವರು, ದೀಪ ಹಿಡಿದು ಮೇಲೆ ಕೂತ ಕೂಲಿಕಾರರು ಎಲ್ಲವೂ ಅಲ್ಲಿವೆ. ಪಾಳುಬಿದ್ದ ಸ್ಟುಡಿಯೋ ಒಂದರ ಎದುರು ನಿಂತು ಬಿಮಲ್ ರಾಯ್ ಅವರನ್ನು ನೆನೆಯುವ ಮಾತು ಶಿಷ್ಯನಾದ ಮುಖರ್ಜಿಯವರದೇ ಎಂದು ನನಗೆ ಯಾವಾಗಲೂ ಅನಿಸುತ್ತದೆ. ಮರುವರ್ಷದ ‘ಬಾವರ್ಚಿ’ ತಪನ್ ಸಿನ್ಹಾ ಅವರ ಬಂಗಾಳಿ ಚಿತ್ರವೊಂದರ ರೂಪಾಂತರ. ಕಚ್ಚಾಡುವ ಕೂಡುಕುಟುಂಬಕ್ಕೆ ಅಡುಗೆಯವನಾಗಿ ಬಂದ ರಘು, ತಾನು ಯಾರೆಂಬುದನ್ನು ಹೇಳದೆ ಎಲ್ಲರನ್ನೂ ಸರಿಮಾಡುತ್ತಾನೆ. ಮನೆಯ ಹೆಸರು ಶಾಂತಿ ನಿವಾಸ. 2007ರಲ್ಲಿ ಸುದೀಪ್ ಇದನ್ನೇ ಕನ್ನಡಕ್ಕೆ ತಂದು ‘ನಂ. 73, ಶಾಂತಿ ನಿವಾಸ’ ಮಾಡಿದರು.

ರಘುವಿನಿಂದ ಮುಂದಕ್ಕೆ ನೋಡುತ್ತಾ ಹೋದರೆ ಸುಳ್ಳುಗಾರರ ಸಾಲೇ ಕಾಣುತ್ತದೆ. 1975ರ ‘ಚುಪ್ಕೆ ಚುಪ್ಕೆ’ಯಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಪರಿಮಳ್ ತ್ರಿಪಾಠಿ ಕಾರಿನ ಚಾಲಕನ ವೇಷ ಹಾಕುತ್ತಾನೆ; ಅವನ ಗೆಳೆಯ, ಇಂಗ್ಲಿಷ್ ಸಾಹಿತ್ಯದವನು, ಸಸ್ಯಶಾಸ್ತ್ರಜ್ಞನಂತೆ ನಟಿಸಬೇಕಾಗಿ ಬಂದು ಒದ್ದಾಡುತ್ತಾನೆ. ಅದೇ ವರ್ಷ ಆಗಸ್ಟಿನಲ್ಲಿ ‘ಶೋಲೆ’ ಬಿಡುಗಡೆಯಾಯಿತು. ಧರ್ಮೇಂದ್ರ, ಅಮಿತಾಭ್, ಜಯಾ, ಅಸ್ರಾನಿ ಎರಡರಲ್ಲಿಯೂ ಇದ್ದಾರೆ. ಒಂದರಲ್ಲಿ ಬಂದೂಕು, ಇನ್ನೊಂದರಲ್ಲಿ ಶುದ್ಧ ಹಿಂದಿ ಅಸ್ತ್ರ. ಇವೆರಡನ್ನೂ ಒಂದೇ ವರ್ಷ ಒಪ್ಪಿಕೊಂಡ ಪ್ರೇಕ್ಷಕರ ಬಗ್ಗೆ ನನಗೆ ಗೌರವವಿದೆ. ನಿರ್ಮಾಪಕ ಎನ್.ಸಿ. ಸಿಪ್ಪಿಯವರ ಬಂಗಲೆಯಲ್ಲಿ ‘ಚುಪ್ಕೆ ಚುಪ್ಕೆ’ಯ ಚಿತ್ರೀಕರಣ ನಡೆಯಿತು, ಅದೇ ಇಂದು ಅಮಿತಾಭ್ ಬಚ್ಚನ್ ಅವರ ಮನೆ ‘ಜಲ್ಸಾ’. ಸೆಟ್ ಹಾಕುವ ಖರ್ಚು ಉಳಿಯಿತು.

ಹಾಸ್ಯದಲ್ಲಿ ಸಂಕಲನಕಾರನ ಕೈ ಎಲ್ಲಿ ಕೆಲಸ ಮಾಡುತ್ತದೆಂಬುದನ್ನು ಈ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಬಹುದು. ಮುಖರ್ಜಿಯವರು ಇಲ್ಲಿ ಗುಟ್ಟನ್ನು ಪ್ರೇಕ್ಷಕರಿಂದ ಬಚ್ಚಿಡುವುದಿಲ್ಲ. ಯಾರು ಯಾರ ವೇಷದಲ್ಲಿದ್ದಾರೆಂದು ನಮಗೆ ಮೊದಲೇ ಗೊತ್ತು, ಮನೆಯಲ್ಲಿ ಬಹುಮಂದಿಗೆ ಗೊತ್ತು, ಓಂ ಪ್ರಕಾಶ್ ನಿರ್ವಹಿಸಿದ ರಾಘವೇಂದ್ರ ಶರ್ಮನಿಗೆ ಮಾತ್ರ ಗೊತ್ತಿಲ್ಲ. ಮಾತಾಡುತ್ತಿರುವವನ ಮುಖದಿಂದ ಕೇಳುತ್ತಿರುವವನ ಮುಖಕ್ಕೆ ಯಾವ ಗಳಿಗೆಯಲ್ಲಿ ಹಾರಬೇಕು, ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದರ ಮೇಲೆ ನಗು ನಿಂತಿದೆ. ಅರ್ಧ ಸೆಕೆಂಡು ಹೆಚ್ಚಾದರೆ ನಗು ಹಳಸುತ್ತದೆ, ಕಡಿಮೆಯಾದರೆ ಹುಟ್ಟುವುದೇ ಇಲ್ಲ. ಚುರುಕಿನ ಕ್ಯಾಮೆರಾ ಚಲನೆಯಾಗಲಿ ಬೆರಗುಗೊಳಿಸುವ ದೃಶ್ಯಸಂಯೋಜನೆಯಾಗಲಿ ಅವರಲ್ಲಿ ಅಪರೂಪ. ನಿಜ ಹೇಳಬೇಕೆಂದರೆ ಅನೇಕ ಚಿತ್ರಗಳಲ್ಲಿ ಗೋಡೆಗಳೂ ಬೆಳಕೂ ನೋಡಲು ನೀರಸವಾಗಿಯೇ ಇವೆ. ಎಲ್ಲ ಹಣವನ್ನೂ ಅವರು ಮುಖಗಳ ಮೇಲೆ ಹೂಡಿದ್ದರು.

1979ರ ‘ಗೋಲ್‌ಮಾಲ್’ ಚಿತ್ರವನ್ನು ‘ಸತ್ಯಕಾಮ್’ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಈ ಉಪನ್ಯಾಸದ ಎಳೆ ಸಿಕ್ಕಿತು. ಇವೆರಡರ ನಡುವೆ ಸರಿಯಾಗಿ ಹತ್ತು ವರ್ಷ. ಅಮೋಲ್ ಪಾಲೇಕರ್ ಅವರ ರಾಮಪ್ರಸಾದ್ ಶರ್ಮ ಲೆಕ್ಕಪತ್ರ ಓದಿದ ನಿರುದ್ಯೋಗಿ. ಕೆಲಸ ಕೊಡುವ ಭವಾನಿ ಶಂಕರನಿಗೆ ಮೀಸೆ ಇಲ್ಲದವನ ಮೇಲೆ ನಂಬಿಕೆಯಿಲ್ಲ, ಆಟ ಆಡುವವನು ಕೆಲಸಕ್ಕೆ ಬಾರದವನು, ಹಾಡು ಕೇಳುವವನು ಪೋಲಿ. ಆದ್ದರಿಂದ ರಾಮಪ್ರಸಾದ್ ಗಿಡ್ಡ ಜುಬ್ಬ ತೊಟ್ಟು, ಮೀಸೆ ಇಟ್ಟು, ಆಟದ ಗಂಧವೇ ತಿಳಿಯದವನಂತೆ ನಟಿಸಿ ಕೆಲಸ ಗಿಟ್ಟಿಸುತ್ತಾನೆ. ತಾಯಿಗೆ ಕಾಯಿಲೆಯೆಂದು ರಜೆ ಹಾಕಿ ಹಾಕಿ ಪಂದ್ಯಕ್ಕೆ ಹೋದವನು ಯಜಮಾನನ ಕಣ್ಣಿಗೆ ಬಿದ್ದಾಗ, ಮೀಸೆ ಇಲ್ಲದ ಒಬ್ಬ ಅವಳಿ ತಮ್ಮನನ್ನು ಸೃಷ್ಟಿಸಬೇಕಾಗುತ್ತದೆ. ತಾಯಿಯೇ ಇಲ್ಲದವನಿಗೆ ತಾಯಿಯನ್ನು ಹುಡುಕಿ ತರಬೇಕಾಗುತ್ತದೆ. ಆಮೇಲೆ ಆ ತಾಯಿಗೂ ಒಬ್ಬ ಅವಳಿ ತಂಗಿ ಬೇಕಾಗುತ್ತದೆ. ಸತ್ಯಪ್ರಿಯ ಸತ್ಯಕ್ಕಾಗಿ ಕೆಲಸ ಬಿಟ್ಟ. ರಾಮಪ್ರಸಾದ್ ಕೆಲಸಕ್ಕಾಗಿ ಸತ್ಯ ಬಿಟ್ಟ. ಇಬ್ಬರನ್ನೂ ತೆರೆಗೆ ತಂದವರು ಒಬ್ಬರೇ.

ನಿರ್ದೇಶಕರು ಸೋತು ಮೌಲ್ಯಗಳನ್ನು ಕೈಬಿಟ್ಟರೆಂದು ಇದನ್ನು ಓದಲು ಸಾಧ್ಯವಿದೆ. ನಾನು ಹಾಗೆ ಓದುವುದಿಲ್ಲ. ಎರಡೂ ಚಿತ್ರಗಳಲ್ಲಿ ಒಬ್ಬ ಹಿರಿಯನಿದ್ದಾನೆ. ಒಂದರಲ್ಲಿ ಶಾಸ್ತ್ರವನ್ನು ಬಲ್ಲ ಅಜ್ಜ, ಇನ್ನೊಂದರಲ್ಲಿ ಮೀಸೆಯನ್ನು ನಂಬುವ ಯಜಮಾನ. ಇಬ್ಬರೂ ಪ್ರಾಮಾಣಿಕರೇ, ಆದರೆ ತಮ್ಮ ನಿಯಮವೇ ಸತ್ಯವೆಂದು ಹಟ ಹಿಡಿದವರು. ಅಂಥವರ ಎದುರಿನಲ್ಲಿ ನಿಜವಾಗಿ ತಾನು ಏನೋ ಅದೇ ಆಗಿ ನಿಲ್ಲಲು ಕಿರಿಯನಿಗೆ ಅವಕಾಶವೇ ಇಲ್ಲದಿದ್ದರೆ ಅವನು ಹೇಳುವ ಸುಳ್ಳಿಗೆ ಹೊಣೆ ಯಾರು ಎಂದು ‘ಗೋಲ್‌ಮಾಲ್’ ನಗುತ್ತಲೇ ಕೇಳುತ್ತದೆ. ಈ ಹಾಸ್ಯಚಿತ್ರಗಳಲ್ಲಿ ಯಾರೂ ಸುಳ್ಳು ಹೇಳಿ ಇನ್ನೊಬ್ಬರ ಆಸ್ತಿ ಹೊಡೆಯುವುದಿಲ್ಲ, ಯಾರ ಬದುಕೂ ಹಾಳಾಗುವುದಿಲ್ಲ. ಸುಳ್ಳಿನ ಗುರಿ ಹಿರಿಯನ ಒಣ ಹಮ್ಮು ಮಾತ್ರ. ಅದು ಒಡೆದ ಕೂಡಲೇ ಸುಳ್ಳು ಬಯಲಾಗುತ್ತದೆ, ಚಿತ್ರ ಮುಗಿಯುತ್ತದೆ. ಉತ್ಪಲ್ ದತ್ ಅವರ ಭವಾನಿ ಶಂಕರ ಎಲ್ಲಿಯೂ ಖಳನಾಗುವುದಿಲ್ಲ, ನಮ್ಮ ಪ್ರೀತಿಯನ್ನು ಕಳೆದುಕೊಳ್ಳುವುದೂ ಇಲ್ಲ. ಇದೇ ಕಥೆ 1990ರಲ್ಲಿ ಶಿವರಾಜಕುಮಾರ್ ಅವರ ‘ಆಸೆಗೊಬ್ಬ ಮೀಸೆಗೊಬ್ಬ’ ಆಗಿ ಕನ್ನಡದಲ್ಲಿ ಬಂದಾಗ ನಮ್ಮವರಿಗೆ ಎಲ್ಲಿಯೂ ಪರಕೀಯವೆನಿಸಲಿಲ್ಲವೆಂದರೆ, ಮೀಸೆಯ ಯಜಮಾನರು ನಮ್ಮಲ್ಲಿಯೂ ಧಾರಾಳವಾಗಿದ್ದರೆಂದೇ ಅರ್ಥ.

1980ರ ‘ಖೂಬ್‌ಸೂರತ್’ ಇದೇ ವಿಚಾರವನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯುತ್ತದೆ. ದೀನಾ ಪಾಠಕ್ ಅವರ ಅತ್ತೆಯ ಮನೆಯಲ್ಲಿ ಗಡಿಯಾರಕ್ಕೆ ಸರಿಯಾಗಿ ಎಲ್ಲ ನಡೆಯಬೇಕು; ರೇಖಾ ಅವರ ಮಂಜು ಬಂದು ಮಾಳಿಗೆಯ ಮೇಲೆ ಕದ್ದುಮುಚ್ಚಿ ನಾಟಕ ಆಡಿಸುತ್ತಾಳೆ. ತುರ್ತುಪರಿಸ್ಥಿತಿ ಮುಗಿದು ಆಗ ಮೂರು ವರ್ಷವಾಗಿತ್ತು. ಶಿಸ್ತಿನ ಹೆಸರಿನಲ್ಲಿ ಮನೆಯ ಹಿತಕ್ಕಾಗಿಯೇ ಎಲ್ಲರ ಬಾಯಿ ಮುಚ್ಚಿಸಿದ ಒಬ್ಬ ಹಿರಿಯಳ ಕಥೆಯನ್ನು ಆಗಿನ ಪ್ರೇಕ್ಷಕರು ಬರಿಯ ಮನೆವಾರ್ತೆಯಾಗಿ ನೋಡಿರಲಾರರೆಂದು ನನ್ನ ಅನಿಸಿಕೆ.

ಇನ್ನು ಈ ಚಿತ್ರಗಳು ನಮ್ಮಂಥ ಜಿಲ್ಲಾ ಕೇಂದ್ರಗಳ ಮನೆಮನೆಗೆ ತಲುಪಿದ ಬಗೆಯನ್ನು ಹೇಳದೆ ಹಾಸನದಲ್ಲಿ ಮಾತು ಮುಗಿಸುವಂತಿಲ್ಲ. ಥಿಯೇಟರಿನಲ್ಲಿ ‘ಶೋಲೆ’ಗೆ ನೆರೆದ ಜನಸಂದಣಿ ಮುಖರ್ಜಿಯವರ ಚಿತ್ರಗಳಿಗೆ ನೆರೆಯಲಿಲ್ಲ. ಅವುಗಳಿಗೆ ಎರಡನೆಯ ಜನ್ಮ ಕೊಟ್ಟದ್ದು ದೂರದರ್ಶನ. 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 1983ರ ಆಗಸ್ಟಿನಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿದ ಬಳಿಕ ಸಣ್ಣ ಸಣ್ಣ ಮರುಪ್ರಸಾರ ಕೇಂದ್ರಗಳ ಮೂಲಕ ಭಾನುವಾರದ ಹಿಂದಿ ಚಿತ್ರ ದೇಶದ ಮೂಲೆಮೂಲೆಗೂ ಹರಿಯಿತು. ಆ ಉಪಗ್ರಹವನ್ನು ಅದರ ಸ್ಥಾನದಲ್ಲಿ ನಿಲ್ಲಿಸಿ ನೋಡಿಕೊಂಡದ್ದು ಇದೇ ಊರಿನ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ಥಿಯೇಟರಿನ ದೊಡ್ಡ ಪರದೆಗಾಗಿ ತೆಗೆದ ಬಯಲು, ಕುದುರೆ, ಗುಡ್ಡಗಳೆಲ್ಲ ಟೀವಿಯ ಚಿಕ್ಕ ಪೆಟ್ಟಿಗೆಯಲ್ಲಿ ಕುಗ್ಗಿಹೋಗುತ್ತಿದ್ದವು. ಮುಖಗಳ ಮೇಲೆ, ಮಾತಿನ ಮೇಲೆ, ನಡುಮನೆಯ ಮೇಲೆ ನಿಂತ ಮುಖರ್ಜಿಯವರ ಚಿತ್ರಗಳು ಕುಗ್ಗಲಿಲ್ಲ. ನಡುಮನೆಯಲ್ಲಿ ಕೂತು ಅಜ್ಜ ಮೊಮ್ಮಕ್ಕಳು ಒಟ್ಟಿಗೆ ನೋಡಿದ್ದು ನಡುಮನೆಯ ಕಥೆಯನ್ನೇ. ಮುಂದೆ ಅವರು ದೂರದರ್ಶನಕ್ಕಾಗಿ ‘ತಲಾಶ್’ ಮೊದಲಾದ ಧಾರಾವಾಹಿಗಳನ್ನೂ ನಿರ್ದೇಶಿಸಿದರು.

ಎಂಬತ್ತರ ದಶಕದ ಚಿತ್ರಗಳಲ್ಲಿ ‘ರಂಗ್ ಬಿರಂಗಿ’, ‘ಕಿಸೀಸೇ ನ ಕಹನಾ’ ಹಗುರವಾಗಿ ನಗಿಸುತ್ತವೆ. ಉಳಿದವುಗಳಲ್ಲಿ ಹಳೆಯ ಸೂತ್ರದ ಪುನರಾವರ್ತನೆಯೇ ಹೆಚ್ಚು. ಕೀಲುವಾತದ ಬಾಧೆಯಿಂದ ಅವರು ಕುರ್ಚಿಯಲ್ಲಿ ಕುಳಿತೇ ನಿರ್ದೇಶಿಸಬೇಕಾದ ದಿನಗಳವು. ಆದರೆ ಕತ್ತರಿಯನ್ನು ಅವರು ಬಿಡಲಿಲ್ಲ. ಮನಮೋಹನ್ ದೇಸಾಯಿಯವರ 1983ರ ‘ಕೂಲಿ’ಗೆ ಸಂಕಲನಕಾರರು ಮುಖರ್ಜಿಯವರೆಂದರೆ ಈಗಲೂ ಅನೇಕರು ನಂಬುವುದಿಲ್ಲ. 1982ರ ಜುಲೈನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ಹೊಡೆದಾಟದ ದೃಶ್ಯ ತೆಗೆಯುವಾಗ ಅಮಿತಾಭ್ ಮಾರಣಾಂತಿಕವಾಗಿ ಗಾಯಗೊಂಡ ಚಿತ್ರವಿದು. ಆ ಏಟು ಬಿದ್ದ ಗಳಿಗೆಯಲ್ಲಿ ತೆರೆಯ ಮೇಲಿನ ಚಿತ್ರ ನಿಶ್ಚಲವಾಗಿ ನಿಂತು, ಅಲ್ಲಿ ಅಪಘಾತವಾಯಿತೆಂಬ ಬರಹ ಮೂಡುತ್ತದೆ. ತಮ್ಮ ಚಿತ್ರಗಳಲ್ಲಿ ಒಂದು ಕಪಾಳಮೋಕ್ಷಕ್ಕೂ ಯೋಚಿಸುತ್ತಿದ್ದ ಮುಖರ್ಜಿಯವರು ದೇಸಾಯಿಯವರ ಈ ಅಬ್ಬರದ ರೀಲುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರೆಂಬುದನ್ನು ಕಲ್ಪಿಸಿಕೊಂಡರೆ, ಕಸುಬೆಂಬುದು ಅಭಿರುಚಿಯ ಗಡಿಗಳನ್ನು ಎಷ್ಟು ಸಲೀಸಾಗಿ ದಾಟುತ್ತದೆಂದು ತಿಳಿಯುತ್ತದೆ.

ಚಲನಚಿತ್ರ ಸೆನ್ಸಾರ್ ಮಂಡಳಿಗೂ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮಕ್ಕೂ ಅವರು ಅಧ್ಯಕ್ಷರಾಗಿದ್ದರು. 1999ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ, 2001ರಲ್ಲಿ ಪದ್ಮವಿಭೂಷಣ ದೊರೆತವು. 2006ರ ಆಗಸ್ಟ್ 27ರಂದು ಮುಂಬಯಿಯಲ್ಲಿ ತೀರಿಕೊಂಡರು. ಅವರು ನಿರ್ದೇಶಿಸಿದ ಕಡೆಯ ಚಿತ್ರ 1998ರ ‘ಝೂಟ್ ಬೋಲೆ ಕೌವಾ ಕಾಟೆ’. ಸುಳ್ಳು ಹೇಳಿದರೆ ಕಾಗೆ ಕಚ್ಚುತ್ತದೆಂಬ ಆ ಹೆಸರಿನಲ್ಲಿಯೇ ಸುಳ್ಳಿದೆ, ಅದಕ್ಕೂ ಹಿಂದಿನ, 1985ರ ರೇಖಾ ಅಭಿನಯದ ಚಿತ್ರದ ಹೆಸರು ‘ಝೂಠಿ’, ಅಂದರೆ ಸುಳ್ಳಿ. ಕಡೆಯ ಚಿತ್ರ ಗೆಲ್ಲಲಿಲ್ಲ. ಮಗಳ ಮದುವೆಗೆ ಅಡ್ಡ ಬರುವ ತಂದೆ, ಅವನನ್ನು ಒಪ್ಪಿಸಲು ಹೂಡುವ ಆಟ ಎಂಬ ಕಥೆಗೆ ಬಲ ಬರಬೇಕಾದರೆ ಮನೆಯ ಹಿರಿಯನ ಮಾತಿಗೆ ತೂಕವಿರಬೇಕು. ತೊಂಬತ್ತರ ದಶಕದ ಕೊನೆಯ ಹಿಂದಿ ಚಿತ್ರಗಳಲ್ಲಿ ಹಿರಿಯರು ಮಕ್ಕಳ ಮದುವೆಯಲ್ಲಿ ಕುಣಿಯುವವರಾಗಿದ್ದರು; ವಂಚಿಸಬೇಕಾದ ಭವಾನಿ ಶಂಕರನೇ ಇಲ್ಲದ ಮೇಲೆ ರಾಮಪ್ರಸಾದನಿಗೆ ಕೆಲಸವೂ ಇಲ್ಲ.

ಮಾತು ಮುಗಿದ ಮೇಲೆ ಕಾಲೇಜು ವಿದ್ಯಾರ್ಥಿನಿಯೊಬ್ಬರು, ಮುಖರ್ಜಿಯವರ ಚಿತ್ರಗಳನ್ನು ಎಲ್ಲಿಂದ ನೋಡಲು ಆರಂಭಿಸಬೇಕೆಂದು ಕೇಳಿದರು. ‘ಆನಂದ್’ ಚಿತ್ರವನ್ನು ನೀವು ಹೇಗೂ ನೋಡುತ್ತೀರಿ, ಅದನ್ನು ಬದಿಗಿಡಿ ಎಂದೆ. ಮೊದಲು ‘ಗೋಲ್‌ಮಾಲ್’, ಅದರ ಮರುದಿನ ‘ಸತ್ಯಕಾಮ್’, ಇದೇ ಕ್ರಮದಲ್ಲಿ. ಎರಡರಲ್ಲಿಯೂ ಕೆಲಸಕ್ಕೆ ಸಂದರ್ಶನಕ್ಕೆ ಕುಳಿತವನ ಮುಖವನ್ನು, ಸಹಿ ಹಾಕುವ ಕೈಯನ್ನು, ಹಿರಿಯನ ಎದುರು ಬಾಯಿ ತೆರೆಯುವ ಮುನ್ನ ಕಿರಿಯನು ತಡೆಯುವ ಆ ಚೂರು ಹೊತ್ತನ್ನು ನೋಡಿಕೊಳ್ಳಿ. ಆಮೇಲೆ ‘ಅನುರಾಧಾ’ ಮತ್ತು ‘ಅಭಿಮಾನ್’ ನೋಡಿ, ಅವುಗಳ ಕೊನೆಯ ಬಗ್ಗೆ ನಾನು ಎತ್ತಿದ ತಕರಾರು ಸರಿಯೇ ಅಲ್ಲವೇ ಎಂದು ನೀವೇ ತೀರ್ಮಾನಿಸಿ.